ಫಿನ್‌ಲಗನ್ ಸರೋವರದ ದ್ವೀಪದುರ್ಗ

ಸ್ಕಾಟ್ಲೆಂಡಿನ ಪಶ್ಚಿಮ ಸಮುದ್ರದಲ್ಲಿ ಐಲಾ ಎಂಬ ದ್ವೀಪವುಂಟು. ಅದರೊಳಗಣ ಫಿನ್‌ಲಗನ್ ಸರೋವರದಲ್ಲಿ ಎರಡು ಸಣ್ಣ ನಡುಗಡ್ಡೆಗಳು ಕಾಣಬರುತ್ತವೆ. ಅಲ್ಲಿಯ ಗೇಲಿಕ್ ನುಡಿಯಲ್ಲಿ ಒಂದರ ಹೆಸರಿಗೆ ಹಿರಿಯ ದ್ವೀಪವೆಂದೂ ಮತ್ತೊಂದರ ಹೆಸರಿಗೆ ಮಂತ್ರಾಲೋಚನೆಯ ದ್ವೀಪವೆಂದೂ ಅರ್ಥ. 1336ರಲ್ಲಿ ತನ್ನನ್ನು ‘ದ್ವೀಪಾಧಿಪತಿ’ಯೆಂದು ಕರೆದುಕೊಂಡ ಜಾನನ ಸಂತತಿಯವರಾದ ಮ್ಯಾಕ್‌ಡೊನಲ್ಡ್ ಪ್ರಭುಗಳಿಗೆ ಇದೇ ರಾಜಧಾನೀಪ್ರಾಯವಾದ ಸ್ಥಳವಾಗಿದ್ದಿತು. 1493ರಲ್ಲಿ ಸ್ಕಾಟ್ಲೆಂಡಿನ ರಾಜಶಾಸನವು ಅವರ ಅಧಿಕಾರವನ್ನು ಅಪಹರಿಸಿತು.

ಈ ಸ್ಥಳದ ಕೀರ್ತಿಯು ಬಹುಕಾಲ ಗ್ರಂಥಗಳನ್ನೇ ಆಶ್ರಯಿಸಿಕೊಂಡಿದ್ದಿತು. 1549ರಲ್ಲಿ ಡೊನಲ್ಡ್ ಮನ್ರೋ ಎಂಬ ಧರ್ಮಾಧಿಕಾರಿಯು ಹದಿನಾಲ್ವರು ಪ್ರಮುಖರು ಚಿಕ್ಕ ದ್ವೀಪದಲ್ಲಿ ಕುಳಿತು ನ್ಯಾಯನಿರ್ಣಯ ಮಾಡುತ್ತಿದ್ದರೆಂದು ಬರೆದನು. ಪ್ರಭುವಿನ ಪಟ್ಟಾಭಿಷೇಕದಲ್ಲಿ ಆತನು ಹೆಜ್ಜೆಯ ಗುರುತುಳ್ಳ ಶಿಲೆಯ ಮೇಲೆ ಪಾದವಿಟ್ಟು ಬಿಳಿಯ ದಂಡವನ್ನೂ ಖಡ್ಗವನ್ನೂ ಪಡೆಯುತ್ತಿದ್ದನೆಂಬುದು 17ನೆಯ ಶತಮಾನದ ಒಂದು ವಂಶಚರಿತ್ರೆಯಿಂದ ತಿಳಿದುಬರುತ್ತದೆ. ಆದರೆ ಮನ್ರೋವಿನ ಬರಹವೇ ಪ್ರಭುತ್ವವು ಅಳಿದ 56 ವರ್ಷಗಳ ತರುವಾಯದ್ದು. ಎರಡನೆಯದು ಇನ್ನೂ ಈಚಿನದು. ಸ್ಮೃತಿಯು ವೈಭವವನ್ನು ಉಳಿಸಿಕೊಳ್ಳುವಷ್ಟು ಸುಲಭವಾಗಿ ಗೋಡೆಗಳ ಕಾಲವನ್ನು ಉಳಿಸಿಕೊಳ್ಳಲಾರದು.

ಆದಕಾರಣ 1990ರ ದಶಕದಲ್ಲಿ ಡೇವಿಡ್ ಕಾಲ್ಡ್‌ವೆಲ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ನಡೆದ ಉತ್ಖನನವು ಮಹತ್ತ್ವದ್ದಾಗಿದೆ. ಚಿಕ್ಕ ದ್ವೀಪದಲ್ಲಿ ಮಂತ್ರಾಲೋಚನೆಯ ಕಾಲದ ಕಟ್ಟಡಗಳ ಕೆಳಗೆ 12-13ನೆಯ ಶತಮಾನಗಳ ಕಲ್ಲಿನ ಕೋಟೆಯೂ, ಅದಕ್ಕೂ ಕೆಳಗೆ ಇತಿಹಾಸಪೂರ್ವದ ಒಂದು ದುರ್ಗದ ಅವಶೇಷವೂ ಕಂಡುಬಂದವು. ಹಿರಿಯ ದ್ವೀಪದಲ್ಲಿ ಮಹಾಶಾಲೆ, ಫಿಂಡ್‌ಲುಗನ್ ಎಂಬ ಸಂತನ ಹೆಸರಿನ ದೇವಮಂದಿರ, ಕಲ್ಲು ಹಾಸಿದ ದಾರಿ, ಅನೇಕ ಮನೆಗಳು, ಎರಡು ದ್ವೀಪಗಳನ್ನು ಕೂಡಿಸುತ್ತಿದ್ದ ಒಂದು ಕಲ್ಲಿನ ಸೇತುವೂ ಇದ್ದುವು.

ಇಲ್ಲಿಯೇ ವಿಚಾರಾರ್ಹವಾದ ಅಂಶವಿರುವುದು. ನೀರಿನಿಂದ ಸುತ್ತುವರಿದ ಸ್ಥಾನವನ್ನು ಕೌಟಿಲ್ಯನು ಔದಕದುರ್ಗವೆಂದು ಗಣಿಸಿರುವನು. ಅಂತಹ ಸ್ಥಾನವನ್ನು ಕಂಡೊಡನೆ ಕೋಟೆಯೆಂದು ಭಾವಿಸುವುದು ಸಹಜ. ಆದರೆ ಪ್ರಭುಗಳ ಪ್ರಾಬಲ್ಯವು ಅತಿಶಯವಾಗಿದ್ದ 14-15ನೆಯ ಶತಮಾನಗಳಲ್ಲಿ ಫಿನ್‌ಲಗನ್ ದುರ್ಗವೇ ಆಗಿರಲಿಲ್ಲ! ಹಿಂದಣ ಕೋಟೆಯನ್ನು ಕೆಡವಿದವರು ಹೊಸ ರಕ್ಷಣೆಯನ್ನು ಕಟ್ಟಲಿಲ್ಲ. ಇದನ್ನು ದಾರಿದ್ರ್ಯವೆನ್ನುವುದು ಸಾಧುವಲ್ಲ. ಐಲಾದ ದಕ್ಷಿಣ ತೀರದಲ್ಲಿ ಅವರಿಗೆ ಡನಿವೇಗ್ ಎಂಬ ಕೋಟೆಯಿದ್ದಿತು. ಹುಟ್ಟುಹಾಕಿ ನಡೆಸುವ ಯುದ್ಧನೌಕೆಗಳು ಸುತ್ತಣ ಕಡಲನ್ನೇ ಕಾಯುತ್ತಿದ್ದುವು. ಸಭೆಗೂ ಔತಣಕ್ಕೂ ಜನರು ಕೂಡುವ ಎಡೆಗೆ ಪ್ರಾಕಾರವು ಬೇಕಾಗಲಿಲ್ಲವೆಂದು ಹೇಳುವುದೇ ಯುಕ್ತ. ಹದಿನಾಲ್ವರ ಸಭೆಯ ವಿಷಯದಲ್ಲಿ ಮನ್ರೋವಿನ ಮಾತಿಗೆ ಇದರಿಂದ ಬಲವೇ ಬರುತ್ತದೆ. ಹೆಜ್ಜೆಗುರುತಿನ ಶಿಲೆಯಾದರೋ ದೊರೆತಿಲ್ಲ.

ಈಗ ನೆಲದ ಮೇಲೆ ಕಾಣುವ ಗೋಡೆಗಳೆಲ್ಲವೂ ಪ್ರಭುಗಳವೆಂದು ತಿಳಿಯಲಾಗದು. 1493ರ ತರುವಾಯ ಒಕ್ಕಲಿನವರು ಹಳೆಯ ಪಾಳಿನ ಮೇಲೆಯೇ ಮನೆಗಳನ್ನು ಕಟ್ಟಿಕೊಂಡರು. ದೇವಮಂದಿರದಲ್ಲಿ ದೊರೆತ, ಕವಚಧಾರಿಯಾದ ಪುರುಷನ ಮೂರ್ತಿಯುಳ್ಳ ಸಮಾಧಿಶಿಲೆಯೂ ಯಾವ ದ್ವೀಪಾಧಿಪತಿಯದೂ ಅಲ್ಲ. 16ನೆಯ ಶತಮಾನದಲ್ಲಿ ಆ ಭೂಮಿಯನ್ನು ಗೇಣಿಗೆ ಹಿಡಿದಿದ್ದ ಡೊನಲ್ಡ್ ಮ್ಯಾಕ್‌ಗಿಲೆಸ್ಪಿ ಎಂಬಾತನದು.