ವಿಶ್ವ ಲೇಖಕರ ಪಾಠಕ್ಕೆ ಅಂತರ್ಜಾಲ ಸಂಪನ್ಮೂಲಗಳು: ಕಾರವಾರದ ಠಾಗೋರರಿಂದ ಕಲಿತದ್ದು

ನಾನು ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಬಂದವಳು. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ‘ಪಠ್ಯಕ್ರಮದಾದ್ಯಂತ ಭಾಷೆ’ ಪತ್ರಿಕೆಯ ಪ್ರಾಯೋಗಿಕ ಕಾರ್ಯಕ್ಕಾಗಿ ಹೊನ್ನಾವರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ, ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಗೆ, ಒಬ್ಬ ವಿಶ್ವಪ್ರಸಿದ್ಧ ಲೇಖಕರನ್ನು ಪರಿಚಯಿಸುವ ಎರಡು ಓದಿನ ಪಾಠಗಳನ್ನು ಮಾಡಬೇಕಾಯಿತು. ನಾನು ರವೀಂದ್ರನಾಥ ಠಾಗೋರರನ್ನು ಆರಿಸಿಕೊಂಡೆ. ಮೊದಲ ಪಾಠ ಸೋತಿತು, ಎರಡನೆಯದು ಗೆದ್ದಿತು. ಎರಡಕ್ಕೂ ಸಾಮಗ್ರಿ ಸಿಕ್ಕಿದ್ದು ಅಂತರ್ಜಾಲದಲ್ಲೇ. ಹಾಗಾದರೆ ವ್ಯತ್ಯಾಸ ಎಲ್ಲಿತ್ತು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲ ಪಾಠ

ಮೊದಲ ಪಾಠಕ್ಕೆ ನಾನು ಎಂಟು ನಿಮಿಷದ ಒಂದು ಜೀವನಚರಿತ್ರೆಯ ವಿಡಿಯೊ, ಹನ್ನೆರಡು ಸ್ಲೈಡುಗಳು ಮತ್ತು ಒಂದು ಚಾರ್ಟ್ ಸಿದ್ಧಮಾಡಿದ್ದೆ. ಜನನ 1861, ಶಾಂತಿನಿಕೇತನದ ಶಾಲೆ 1901, ನೊಬೆಲ್ 1913, ನಮ್ಮ ರಾಷ್ಟ್ರಗೀತೆ ಎಲ್ಲವೂ ಅದರಲ್ಲಿದ್ದವು. ಕೊನೆಯಲ್ಲಿ ಹತ್ತು ಅಂಕದ ರಸಪ್ರಶ್ನೆ. ಹೆಚ್ಚಿನವರು ಎಂಟಕ್ಕಿಂತ ಮೇಲೆ ತೆಗೆದರು. ಪಾಠ ಚೆನ್ನಾಗಿಯೇ ಆಯಿತೆಂದು ನಾನು ಸಂತೋಷದಲ್ಲಿದ್ದೆ.

ಅವಲೋಕನಕ್ಕೆ ಬಂದಿದ್ದ ಮಾರ್ಗದರ್ಶಕ ಉಪನ್ಯಾಸಕರು ಹಿಮ್ಮಾಹಿತಿಯ ಹೊತ್ತಿನಲ್ಲಿ ಒಂದೇ ಪ್ರಶ್ನೆ ಕೇಳಿದರು: “ಇಡೀ ಪಾಠದಲ್ಲಿ ಠಾಗೋರರು ಬರೆದ ಒಂದು ವಾಕ್ಯವಾದರೂ ಇತ್ತೇನ್ರೀ?”

“ಇತ್ತಲ್ಲ ಸರ್, ಚಾರ್ಟಿನಲ್ಲಿ” ಎಂದೆ.

“ಅದು ಯಾವ ಪುಸ್ತಕದ್ದು?”

ನನ್ನಲ್ಲಿ ಉತ್ತರವಿರಲಿಲ್ಲ. ಠಾಗೋರರ ಭಾವಚಿತ್ರದ ಕೆಳಗೆ ಅಂದವಾಗಿ ಮುದ್ರಿಸಿದ ಒಂದು ಸೂಕ್ತಿ ಫೋನಿಗೆ ಬಂದಿತ್ತು, ಅದನ್ನು ಹಾಗೆಯೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೆ. ಅಂದು ಸಂಜೆ ಅವರ ‘ಗೀತಾಂಜಲಿ’, ‘ಸ್ಟ್ರೇ ಬರ್ಡ್ಸ್’, ‘ಸಾಧನಾ’ ಮೂರರ ಇಂಗ್ಲಿಷ್ ಪಠ್ಯಗಳನ್ನು ಇಳಿಸಿಕೊಂಡು, ಸೂಕ್ತಿಯ ಮುಖ್ಯ ಪದಗಳನ್ನು ಹಾಕಿ ಹುಡುಕಿದೆ. ಎಲ್ಲೂ ಸಿಗಲಿಲ್ಲ. ಬೇರೆ ಕೃತಿಯಲ್ಲಿ ಇದ್ದರೂ ಇರಬಹುದು. ಆದರೆ ಎಲ್ಲಿದೆ ಎಂದು ತೋರಿಸಲಾಗದ ವಾಕ್ಯವನ್ನು ಮಕ್ಕಳ ಮುಂದೆ ಅವರದೆಂದು ನೇತುಹಾಕಿದ್ದೆ. ಪ್ರಯೋಗಶಾಲೆಯಲ್ಲಿ ಅಳೆಯದ ಬೆಲೆಯನ್ನು ಕೋಷ್ಟಕದಲ್ಲಿ ಬರೆದಂತಾಯಿತು. ಚಾರ್ಟ್ ತೆಗೆದುಹಾಕಿದೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಪಿಯುಸಿವರೆಗೆ ನಾನು ಸಾಹಿತ್ಯವನ್ನು ಓದಿದ್ದು ಗೈಡುಗಳಲ್ಲಿ. ಲೇಖಕರ ಬಗ್ಗೆ ಅಂಕ ತರುವಷ್ಟು ಗೊತ್ತಿತ್ತು, ಅವರು ಬರೆದದ್ದು ಗೊತ್ತಿರಲಿಲ್ಲ. ಅದೇ ಅಭ್ಯಾಸವನ್ನು ಮೊದಲ ಪಾಠದಲ್ಲಿ ಮಕ್ಕಳಿಗೆ ದಾಟಿಸುತ್ತಿದ್ದೆ.

ಮೂಲ ಪಠ್ಯ ಎಲ್ಲಿ ಸಿಗುತ್ತದೆ?

ಅಂತರ್ಜಾಲದಲ್ಲಿ ಲೇಖಕರ ಬಗೆಗಿನ ಸಾಮಗ್ರಿ ಒಂದು ಬಗೆ, ಲೇಖಕರೇ ಬರೆದ ಸಾಮಗ್ರಿ ಇನ್ನೊಂದು ಬಗೆ. ಹುಡುಕಾಟದಲ್ಲಿ ಮೊದಲನೆಯದೇ ಮೇಲೆ ಬರುತ್ತದೆ. ಎರಡನೆಯದಕ್ಕೆ ಎಲ್ಲಿ ಹೋಗಬೇಕೆಂದು ನಮಗೆ ತಿಳಿದಿರಬೇಕು. ನಾನು ಬಳಸಿ ನೋಡಿದವು ಇವು.

ಪ್ರಾಜೆಕ್ಟ್ ಗುಟೆನ್‌ಬರ್ಗ್: 1971ರಲ್ಲಿ ಮೈಕೆಲ್ ಹಾರ್ಟ್ ಆರಂಭಿಸಿದ ಉಚಿತ ಗ್ರಂಥಭಂಡಾರ. ಇಂದು 70,000ಕ್ಕೂ ಹೆಚ್ಚು ಪುಸ್ತಕಗಳಿವೆ. ನೋಂದಣಿ ಬೇಡ, ಹಣ ಬೇಡ. ಟಾಲ್‌ಸ್ಟಾಯ್, ಚೆಕಾಫ್, ಮೊಪಾಸಾ, ಓ. ಹೆನ್ರಿ, ಡಿಕನ್ಸ್ ಎಲ್ಲರೂ ಇಂಗ್ಲಿಷಿನಲ್ಲಿ ಸಿಗುತ್ತಾರೆ. ಚಿತ್ರಗಳಿಲ್ಲದ ಸಾದಾ ಪಠ್ಯದ ಕಡತವನ್ನು ಆರಿಸಿಕೊಂಡರೆ ಸಾಮಾನ್ಯ ಗಾತ್ರದ ಪುಸ್ತಕವೊಂದು ಒಂದು ಮೆಗಾಬೈಟಿನೊಳಗೇ ಬರುತ್ತದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ನಮ್ಮ ಊರುಗಳಿಗೆ ಇದು ದೊಡ್ಡ ಅನುಕೂಲ.

ಇಂಟರ್ನೆಟ್ ಆರ್ಕೈವ್: 1996ರಲ್ಲಿ ಆರಂಭವಾದದ್ದು. ಹಳೆಯ ಮುದ್ರಣಗಳ ಪುಟಪುಟದ ಚಿತ್ರಗಳು ಇಲ್ಲಿವೆ. ಹಳೆಯ ಕನ್ನಡ ಪುಸ್ತಕಗಳೂ ಬಹಳಷ್ಟಿವೆ. ಆದರೆ ಕನ್ನಡ ಪುಟಗಳು ಚಿತ್ರರೂಪದಲ್ಲಿರುವುದರಿಂದ ಒಳಗಿನ ಪದಗಳನ್ನು ಹುಡುಕುವುದು ಕಷ್ಟ.

ಲಿಬ್ರಿವಾಕ್ಸ್: 2005ರಿಂದ ಸ್ವಯಂಸೇವಕರು ಹಕ್ಕುಮುಕ್ತ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುತ್ತಿರುವ ತಾಣ. ಓದುಗರ ಉಚ್ಚಾರಣೆ, ವೇಗ ಒಂದೇ ರೀತಿ ಇರುವುದಿಲ್ಲ. ಆದ್ದರಿಂದ ತರಗತಿಗೆ ಮೊದಲು ಕೇಳಿ ನೋಡಲೇಬೇಕು.

ಬಿಚಿತ್ರಾ: ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯ 2013ರಲ್ಲಿ ತೆರೆದ ಠಾಗೋರ್ ಸಂಗ್ರಹ. ಬಂಗಾಳಿ ಮತ್ತು ಇಂಗ್ಲಿಷ್ ಹಸ್ತಪ್ರತಿಗಳ ಚಿತ್ರಗಳನ್ನು ಇಲ್ಲಿ ನೋಡಬಹುದು. ಹೊಡೆದುಹಾಕಿದ ಸಾಲುಗಳು, ಆ ಗೀಚುಗಳೇ ಚಿತ್ರಗಳಾಗಿ ಬೆಳೆದ ಪುಟಗಳು ಮಕ್ಕಳಿಗೆ ತುಂಬ ಹಿಡಿಸುತ್ತವೆ. “ಇವರೂ ಹೊಡೆದ್ಹಾಕ್ತಿದ್ರಾ ಅಕ್ಕೋರೆ?” ಎಂದು ಒಬ್ಬಳು ಕೇಳಿದಳು. ಕರಡನ್ನು ತಿದ್ದಿ ಬರೆಯಬೇಕು ಎಂದು ನಾವು ಹತ್ತು ಸಲ ಹೇಳುವುದಕ್ಕಿಂತ ಆ ಒಂದು ಪುಟ ಹೆಚ್ಚು ಕೆಲಸ ಮಾಡಿತು.

ಶೇಕ್ಸ್‌ಪಿಯರ್ ನಾಟಕಗಳಿಗೆ ಫೋಲ್ಜರ್ ಗ್ರಂಥಾಲಯದ ತಾಣದಲ್ಲಿ ಸಂಪಾದಿತ ಪಠ್ಯಗಳು ಉಚಿತವಾಗಿವೆ. ನೊಬೆಲ್ ಪಡೆದವರ ವಿಷಯದಲ್ಲಿ ವರ್ಷ, ಕಾರಣ ಮೊದಲಾದ ಸಂಗತಿಗಳನ್ನು ನೊಬೆಲ್ ಸಂಸ್ಥೆಯ ತಾಣದಲ್ಲೇ ಪರೀಕ್ಷಿಸುವುದು ಒಳ್ಳೆಯದು.

ಎರಡನೆಯ ಪಾಠ

ಗುಟೆನ್‌ಬರ್ಗ್‌ನಲ್ಲಿ ಠಾಗೋರರ ಆತ್ಮಕಥನ ‘ಮೈ ರೆಮಿನಿಸೆನ್ಸಸ್’ ಇದೆ. ಬಂಗಾಳಿಯ ‘ಜೀವನಸ್ಮೃತಿ’ಯ ಈ ಅನುವಾದವನ್ನು ಸುರೇಂದ್ರನಾಥ ಠಾಗೋರ್ ಮಾಡಿದ್ದು, 1917ರಲ್ಲಿ ಪ್ರಕಟವಾಯಿತು. ಅದರ ಒಳಗೆ ‘ಕಾರವಾರ’ ಎಂದು ಹುಡುಕಿದೆ. ಒಂದು ಪ್ರಕರಣವೇ ಸಿಕ್ಕಿತು. ನಮ್ಮಿಂದ ಸುಮಾರು 90 ಕಿಲೋಮೀಟರ್ ದೂರದ ಕಾರವಾರದಲ್ಲಿ ಠಾಗೋರರ ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದರು. 1880ರ ದಶಕದ ಮೊದಲ ವರ್ಷಗಳಲ್ಲಿ, ಇಪ್ಪತ್ತು ದಾಟಿದ ತರುಣ ರವೀಂದ್ರನಾಥರು ಅಲ್ಲಿಗೆ ಬಂದು ಉಳಿದಿದ್ದರು. ‘ಪ್ರಕೃತಿಯ ಪ್ರತಿಶೋಧ’ ಎಂಬ ನಾಟಕವನ್ನು ಬರೆದದ್ದು ಅಲ್ಲಿಯೇ. ಕಾರವಾರದ ಕಡಲತೀರಕ್ಕೆ ಅವರ ಹೆಸರಿರುವುದು ನಮ್ಮ ಮಕ್ಕಳಿಗೆಲ್ಲ ಗೊತ್ತು. ಅವರು ಆ ತೀರದ ಬಗ್ಗೆ ಬರೆದದ್ದನ್ನು ಮಾತ್ರ ಯಾರೂ ಓದಿರಲಿಲ್ಲ.

ಆ ಪ್ರಕರಣದಿಂದ ಬೆಳದಿಂಗಳ ರಾತ್ರಿಯ ಪ್ರಸಂಗವನ್ನಷ್ಟೇ ಒಂದು ಪುಟಕ್ಕೆ ಇಳಿಸಿದೆ. ಠಾಗೋರರು ಚಿಕ್ಕ ದೋಣಿಯಲ್ಲಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗುತ್ತಾರೆ. ಶಿವಾಜಿಯ ಕಾಲದ ಒಂದು ಗುಡ್ಡದ ಕೋಟೆಯ ಬಳಿ ಇಳಿದು, ರೈತನೊಬ್ಬನ ಮನೆಯ ಗುಡಿಸಿಟ್ಟ ಅಂಗಳದಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಹಿಂತಿರುಗುವಾಗ ದೋಣಿಯನ್ನು ಹೊಳೆಯ ಪಾಡಿಗೆ ಬಿಡುತ್ತಾರೆ. ಅಳಿವೆ ಮುಟ್ಟುವಾಗ ಬಹಳ ತಡವಾಗಿರುತ್ತದೆ. ಅಲ್ಲಿಂದ ಕಡಲ ಮೇಲೆ ಹೋಗದೆ, ಗಾಳಿಮರಗಳ ಸಾಲಿನ ಪಕ್ಕದ ಮರಳ ಮೇಲೆ ಮಾತಿಲ್ಲದೆ ನಡೆದು ಮನೆ ಸೇರುತ್ತಾರೆ.

ಮೊದಲ ತೊಡಕು ಭಾಷೆಯದು. ಫೋನಿನ ಅನುವಾದಕಕ್ಕೆ ಪುಟವನ್ನು ಕೊಟ್ಟು ನೋಡಿದೆ. ಸತ್ಯೇಂದ್ರನಾಥರನ್ನು ಅದು ‘ಎರಡನೇ ಸಹೋದರ’ ಮಾಡಿತು. ಇಂಗ್ಲಿಷಿನ ಒಂದೇ ಪದ ಅಣ್ಣನಿಗೂ ತಮ್ಮನಿಗೂ ಆಗುತ್ತದೆ. ಕನ್ನಡದಲ್ಲಿ ಯಾರು ದೊಡ್ಡವರೆಂದು ತಿಳಿಯದೆ ವಾಕ್ಯವನ್ನೇ ಬರೆಯಲಾಗದು. ಸತ್ಯೇಂದ್ರನಾಥರು ಹುಟ್ಟಿದ್ದು 1842ರಲ್ಲಿ ಎಂದು ನೋಡಿಕೊಂಡು ‘ಅಣ್ಣ’ ಎಂದು ಬರೆದೆ. ‘ಕ್ಯಾಸುವರಿನಾ’ಕ್ಕೆ ‘ಗಾಳಿಮರ’ ಎಂದು ನಾನೇ ಹಾಕಿದೆ. ಯಂತ್ರದ ಅನುವಾದ ಕರಡಿಗೆ ಸಾಕು, ತರಗತಿಗೆ ಸಾಲದು. ಕೊನೆಗೆ ಹಾಳೆಯ ಎಡಬದಿಗೆ ಇಂಗ್ಲಿಷ್, ಬಲಬದಿಗೆ ನನ್ನ ಕನ್ನಡ ಇಟ್ಟು ಪ್ರತಿ ಮಾಡಿಸಿದೆ.

ತರಗತಿಯಲ್ಲಿ ಮೊದಲು ಕನ್ನಡವನ್ನು ಗಟ್ಟಿಯಾಗಿ ಓದಿದೆ. ಆಮೇಲೆ ಇಂಗ್ಲಿಷನ್ನು ಮಕ್ಕಳೇ ಸರದಿಯಂತೆ ಓದಿದರು. ನಂತರ ಎರಡೇ ಪ್ರಶ್ನೆ: ಪಠ್ಯದಲ್ಲಿ ಏನಿದೆ? ಅದರಿಂದ ನೀವು ಊಹಿಸುವುದೇನು? ಕಪ್ಪು ಹಲಗೆಯನ್ನು ಎರಡು ಭಾಗ ಮಾಡಿ ‘ಇದೆ’, ‘ಊಹೆ’ ಎಂದು ಬರೆದೆ. ವಿಜ್ಞಾನದಲ್ಲಿ ವೀಕ್ಷಣೆ ಮತ್ತು ಅನುಮಾನವನ್ನು ಬೇರ್ಪಡಿಸಲು ನಾನು ಬಳಸುವ ಪಟ್ಟಿಯೇ ಇದು.

ಕೋಟೆ ಸದಾಶಿವಗಡವೇ ಇರಬೇಕು ಎಂದು ಇಬ್ಬರು ಹೇಳಿದರು. ಇನ್ನೊಬ್ಬಳು ಎದ್ದು, ಸದಾಶಿವಗಡ ಇರುವುದು ಹೊಳೆಯ ಬಾಯಲ್ಲಿ, ಇವರು ಹೊಳೆಯಲ್ಲಿ ಮೇಲೆ ಹೋಗಿದ್ದಾರಲ್ಲ ಎಂದಳು. ಪಠ್ಯದಲ್ಲಿ ಕೋಟೆಯ ಹೆಸರಿಲ್ಲ. ಅದು ‘ಊಹೆ’ಯ ಕಡೆಗೇ ಉಳಿಯಿತು.

ಮೊದಲ ಪಾಠದಲ್ಲಿ ಒಂದು ಮಾತೂ ಆಡದೆ, ರಸಪ್ರಶ್ನೆಯಲ್ಲಿ ಮೂರು ಅಂಕ ತೆಗೆದಿದ್ದ ಒಬ್ಬ ಹುಡುಗ ಕೊನೆಯ ಬೆಂಚಿನಲ್ಲಿದ್ದ. ಅವನ ಮನೆಯವರು ಮೀನುಗಾರಿಕೆಯವರು. ಅವನು ಎದ್ದು, “ಇಳಿತ ಇತ್ತು ಕಾಣ್ತದೆ. ಇಲ್ದಿದ್ರೆ ಹುಟ್ಟು ಹಾಕ್ದೆ ದೋಣಿ ಕೆಳಗೆ ಬರೂದಿಲ್ಲ” ಎಂದ. ಇನ್ನೊಬ್ಬ ಕೂಡಲೇ, “ಹೊಳೆ ನೀರೇ ಕೆಳಗೆ ಹರೀತದಲ್ಲ?” ಎಂದು ಎದುರು ಹಾಕಿದ. “ಅಳಿವೆ ಹತ್ರ ಉಬ್ಬರ ಬಂದ್ರೆ ನೀರು ಮೇಲೆ ನುಗ್ತದೆ, ನೀ ನೋಡ್ಲಿಲ್ಲ” ಎಂದು ಇವನು ಉತ್ತರಿಸಿದ. ಐದು ನಿಮಿಷ ನಾನು ಸುಮ್ಮನೆ ನಿಂತೆ. ಠಾಗೋರರು ಉಬ್ಬರ ಇಳಿತದ ಮಾತೆತ್ತಿಲ್ಲ. ಆದರೆ ಆ ಹುಡುಗ ಒಂದು ವಾಕ್ಯವನ್ನು ಹಿಡಿದು, ತಾನು ಕಂಡದ್ದರೊಡನೆ ಹೊಂದಿಸಿ, ಕಾರಣ ಕೊಟ್ಟು ಅರ್ಥ ಮಾಡುತ್ತಿದ್ದ. ಓದು ಎಂದರೆ ಇದೇ ತಾನೆ? ಅವನಿಗೆ ಗೊತ್ತಿದ್ದದ್ದನ್ನು ಅಳೆಯಲು ನನ್ನ ರಸಪ್ರಶ್ನೆಯಲ್ಲಿ ಜಾಗವೇ ಇರಲಿಲ್ಲ.

ಮನೆಗೆಲಸವಾಗಿ ಶರಾವತಿ ಅಳಿವೆಯ ಒಂದು ರಾತ್ರಿ ಅಥವಾ ಬೆಳಗಿನ ಬಗ್ಗೆ ಆರು ವಾಕ್ಯ ಬರೆಯಲು ಹೇಳಿದೆ. ಮೂವತ್ತೆಂಟರಲ್ಲಿ ಮೂವತ್ತೊಂದು ಮಂದಿ ಬರೆದು ತಂದರು. ಹೆಚ್ಚಿನವರು ಆರಕ್ಕೆ ನಿಲ್ಲಿಸಿರಲಿಲ್ಲ.

ಕನ್ನಡದ ಕೊರತೆ ಮತ್ತು ಹಕ್ಕುಸ್ವಾಮ್ಯ

ಕನ್ನಡ ಮಾಧ್ಯಮದ ಶಿಕ್ಷಕರಿಗೆ ಎದುರಾಗುವ ನಿಜವಾದ ತೊಂದರೆ ಇಲ್ಲಿದೆ. ವಿಶ್ವ ಲೇಖಕರ ಮೂಲ ಹಕ್ಕುಮುಕ್ತವಾಗಿದ್ದರೂ ಕನ್ನಡ ಅನುವಾದ ಹಾಗಿರಬೇಕೆಂದಿಲ್ಲ. ಅನುವಾದಕರಿಗೆ ತಮ್ಮದೇ ಹಕ್ಕಿರುತ್ತದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಮೊದಲು ಇದು 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ಠಾಗೋರರ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ ಅದನ್ನು 60ಕ್ಕೆ ಏರಿಸಲಾಯಿತು. ಹೀಗಾಗಿ ಅವರ ಕೃತಿಗಳು ಮುಕ್ತವಾದದ್ದು 2001ರ ಕೊನೆಗೆ.

ಈ ಲೆಕ್ಕವನ್ನು ಕನ್ನಡಕ್ಕೆ ಹಚ್ಚಿ ನೋಡೋಣ. ಬಿ.ಎಂ.ಶ್ರೀ. ತೀರಿಕೊಂಡದ್ದು 1946ರಲ್ಲಿ. ಸೊಫೊಕ್ಲಿಸ್‌ನನ್ನು ಆಧರಿಸಿದ ‘ಅಶ್ವತ್ಥಾಮನ್’, ಈಸ್ಕಿಲಸ್‌ನ ‘ಪಾರಸಿಕರು’, ಜೊತೆಗೆ ‘ಇಂಗ್ಲಿಷ್ ಗೀತಗಳು’ 2007ರಿಂದ ಮುಕ್ತ. ಶೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ಆಧರಿಸಿದ ಕುವೆಂಪು ಅವರ ‘ರಕ್ತಾಕ್ಷಿ’ಯ ಹಕ್ಕು 2054ರ ಕೊನೆಯವರೆಗೂ ಇದೆ. ತಾಣದಲ್ಲಿ ಕಂಡಿತೆಂದ ಮಾತ್ರಕ್ಕೆ ಮುಕ್ತವೆಂದು ತಿಳಿಯಬಾರದು. ಗುಟೆನ್‌ಬರ್ಗ್ ಕೂಡ ಅಮೆರಿಕದ ಕಾನೂನಿನ ಪ್ರಕಾರ ನಡೆಯುವುದು. ಬೋಧನೆಯ ವೇಳೆ ಶಿಕ್ಷಕರು ಪ್ರತಿ ಮಾಡಿಕೊಳ್ಳಲು 1957ರ ಕಾಯ್ದೆಯ 52ನೆಯ ಕಲಂನಲ್ಲಿ ಅವಕಾಶವಿದೆ. ಆದರೆ ತರಗತಿಯಲ್ಲಿ ಬಳಸುವುದು ಬೇರೆ, ಎಲ್ಲರಿಗೂ ಹಂಚುವುದು ಬೇರೆ.

‘ಮೈ ರೆಮಿನಿಸೆನ್ಸಸ್’ನ ಅನುವಾದಕರು 1940ರಲ್ಲಿ ತೀರಿಕೊಂಡವರು. ಆದ್ದರಿಂದ ಅದರಿಂದ ನಾವೇ ಕನ್ನಡ ಮಾಡಿಕೊಂಡರೆ ಯಾವ ಅಡ್ಡಿಯೂ ಇಲ್ಲ.

ಪಾಠಕ್ಕೆ ಮೊದಲು ನೋಡಿಕೊಳ್ಳಬೇಕಾದವು

1. ಸಾಮಗ್ರಿಯಲ್ಲಿ ಲೇಖಕರೇ ಬರೆದ ಭಾಗ ಇದೆಯೇ? ಇಲ್ಲದಿದ್ದರೆ ಅದು ಪೂರ್ವಪೀಠಿಕೆಗೆ ಮಾತ್ರ.
2. ಯಾವ ಕೃತಿ, ಯಾರ ಅನುವಾದ, ಯಾವ ವರ್ಷ ಎಂದು ಹಾಳೆಯ ಕೆಳಗೆ ಬರೆದಿದೆಯೇ?
3. ಭಾಗ ಒಂದು ಪುಟಕ್ಕೆ ಮೀರದಂತಿದೆಯೇ? ನಲವತ್ತು ನಿಮಿಷಕ್ಕೆ ಅಷ್ಟು ಸಾಕು.
4. ಕರೆಂಟು ಹೋದರೂ ಪಾಠ ನಡೆಯುತ್ತದೆಯೇ? ಮುದ್ರಿತ ಪ್ರತಿ ಕೈಯಲ್ಲಿರಲಿ.
5. ಮಕ್ಕಳು ತಮ್ಮ ಅನುಭವದಿಂದ ಉತ್ತರಿಸಬಹುದಾದ ಒಂದು ಪ್ರಶ್ನೆಯಾದರೂ ಇದೆಯೇ?

ಠಾಗೋರರು ನಮ್ಮ ಜಿಲ್ಲೆಗೆ ಬಂದಿದ್ದರು, ಹಾಗಾಗಿ ಸುಲಭವಾಯಿತು, ಟಾಲ್‌ಸ್ಟಾಯ್‌ಗೆ ಏನು ಮಾಡುತ್ತೀರಿ ಎಂದು ಸಹಪಾಠಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಜಮೀನಿನ ಆಸೆಗೆ ಓಡಿ ಓಡಿ ಸಾಯುವ ರೈತನ ಕಥೆಯನ್ನು ಟಾಲ್‌ಸ್ಟಾಯ್ 1886ರಲ್ಲಿ ಬರೆದರು. ಗಡಿಕಲ್ಲಿನ ಜಗಳವನ್ನು ಕಾಣದ ಮಗು ನಮ್ಮ ಯಾವ ಊರಿನಲ್ಲಿದೆ? ದಾರಿ ಇದ್ದೇ ಇರುತ್ತದೆ, ಹುಡುಕಲು ಶಿಕ್ಷಕರು ಮೊದಲು ಕಥೆಯನ್ನು ಪೂರ್ತಿ ಓದಿರಬೇಕು.

ನಮ್ಮ ಕಾಲೇಜಿನ ಪ್ರತಿ ತಂಡದ ಪ್ರಶಿಕ್ಷಣಾರ್ಥಿಗಳೂ ಹೀಗೆ ಒಬ್ಬರು ಒಂದು ಪುಟ ಸಿದ್ಧಮಾಡಿ ಗ್ರಂಥಾಲಯದಲ್ಲಿಟ್ಟರೆ, ಕೆಲವೇ ವರ್ಷಗಳಲ್ಲಿ ಕನ್ನಡ ಮಾಧ್ಯಮಕ್ಕೆ ಒದಗುವ ಒಳ್ಳೆಯ ಸಂಗ್ರಹವಾಗುತ್ತದೆ. ಕಾರವಾರದ ಪುಟವನ್ನು ನಾನು ಕೊಟ್ಟಿದ್ದೇನೆ. ಅದರ ಅಂಚಿನಲ್ಲಿ ಆ ಹುಡುಗನ ಇಳಿತದ ಊಹೆಯನ್ನೂ ಬರೆದಿಟ್ಟಿದ್ದೇನೆ, ಮುಂದೆ ಆ ಪಾಠ ಮಾಡುವವರು ತಮ್ಮ ತರಗತಿಯಲ್ಲಿ ಕೇಳಿ ನೋಡಲಿ ಎಂದು.