ಹಳೇ ಎಲೆಕ್ಟ್ರಾನಿಕ್ ರೀಲು: ಕೊಳ್ಳುವ ಮುಂಚೆ ಒಳಗೇನಿದೆ ತಿಳಿಯಿರಿ

ಗಾಳದ ಕೋಲಿನ ಬುಡದಲ್ಲಿ ದಾರ ಸುತ್ತಿಡುವ ಯಂತ್ರವೇ ರೀಲು. ಅದರೊಳಗೆ ಇರುವುದು ಸ್ವಲ್ಪವೇ. ದಾರ ಸುತ್ತುವ ಉರುಳೆ, ಅಂದರೆ ಸ್ಪೂಲು. ಅದನ್ನು ತಿರುಗಿಸುವ ಹಿಡಿ. ಎರಡರ ನಡುವೆ ಹಲ್ಲುಚಕ್ರಗಳು. ಮೀನು ಜೋರಾಗಿ ಜಗ್ಗಿದಾಗ ದಾರ ತುಂಡಾಗದಂತೆ ಹದವಾಗಿ ಬಿಟ್ಟುಕೊಡುವ ಡ್ರ್ಯಾಗ್ ಎಂಬ ಹಿಡಿತ. ಇದರಲ್ಲಿ ಕರೆಂಟಿಗೆ ಏನು ಕೆಲಸ ಎಂದು ಕೇಳುತ್ತೀರಾ? ಮೂರು ಕೆಲಸಗಳಿವೆ. ದಾರ ಎಷ್ಟು ಮೀಟರ್ ಇಳಿಯಿತೆಂದು ಎಣಿಸುವುದು, ಇಳಿದದ್ದನ್ನು ಮೋಟಾರಿನಿಂದ ಎಳೆಯುವುದು, ಗಾಳ ಬೀಸಿದಾಗ ಸ್ಪೂಲಿಗೆ ಬ್ರೇಕ್ ಹಾಕುವುದು.

ಈ ಕೆಲಸಗಳನ್ನು ಮಾಡುವ ಹಳೆಯ ರೀಲುಗಳು ಜಪಾನ್, ಅಮೆರಿಕಗಳ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಸಿಗುತ್ತವೆ. ಕ್ಯಾಲ್ಕುಲೇಟರ್, ಡಿಜಿಟಲ್ ಕೈಗಡಿಯಾರಗಳ ಕಾಲದಲ್ಲಿ ಬೆಳೆದವರಿಗೆ ಬೂದು ಪರದೆಯ ಮೇಲಿನ ಕಪ್ಪು ಅಂಕಿ ಕಂಡರೆ ಆಸೆಯಾಗುವುದು ಸಹಜ. ಆದರೆ ದುಡ್ಡು ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಒಳಗಿನ ಎಲೆಕ್ಟ್ರಾನಿಕ್ಸ್ ಸತ್ತರೆ ಇದು ರೀಲಾಗಿ ಉಳಿಯುತ್ತದೆಯೇ?

ಈ ಪ್ರಶ್ನೆಗೆ ಕಾರಣವಿದೆ. ರೀಲಿನ ಹಲ್ಲುಚಕ್ರಗಳು ಬಾಳುವಷ್ಟು ಅದರ ಎಲೆಕ್ಟ್ರಾನಿಕ್ಸ್ ಬಾಳುವುದಿಲ್ಲ. ರೀಲನ್ನು ಬೆಳೆಸಿದವರಲ್ಲಿ ಗಡಿಯಾರದವರು ಬಹಳ ಮಂದಿ. ಹಿಡಿ ಒಂದು ಸುತ್ತು ತಿರುಗಿದರೆ ಸ್ಪೂಲು ಹಲವು ಸುತ್ತು ತಿರುಗುವ ರೀಲನ್ನು ಅಮೆರಿಕದಲ್ಲಿ ರೂಢಿಗೆ ತಂದವರಲ್ಲಿ ಮೊದಲಿಗ ಜಾರ್ಜ್ ಸ್ನೈಡರ್. 19ನೇ ಶತಮಾನದ ಆರಂಭದಲ್ಲಿ ಕೆಂಟಕಿಯ ಪ್ಯಾರಿಸ್ ಎಂಬ ಊರಿನಲ್ಲಿ ಗಡಿಯಾರ ಮಾಡುತ್ತಿದ್ದವನು ಅವನು. ಸ್ವೀಡನ್ನಿನ ಅಬು ಕಂಪನಿ 1921ರಲ್ಲಿ ಹುಟ್ಟಿದ್ದು ಗಡಿಯಾರದ ಕಾರ್ಖಾನೆಯಾಗಿ. ಅದು ಟ್ಯಾಕ್ಸಿ ಮೀಟರುಗಳನ್ನು ಮಾಡುತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಮೀಟರುಗಳಿಗೆ ಬೇಡಿಕೆ ಕುಸಿಯಿತು, ಕಂಪನಿ ರೀಲಿಗೆ ತಿರುಗಿತು. ಇನ್ನೂ ವಿಚಿತ್ರ ಕಥೆ ಜೆಬ್ಕೋದ್ದು. ಓಕ್ಲಹೋಮದ ತುಲ್ಸಾದಲ್ಲಿ ಎಣ್ಣೆ ಬಾವಿಗಳಿಗೆ ಟೈಮ್ ಬಾಂಬ್ ಮಾಡುತ್ತಿದ್ದ ಜೀರೋ ಅವರ್ ಬಾಂಬ್ ಕಂಪನಿ 1949ರಲ್ಲಿ ರೀಲು ಮಾಡತೊಡಗಿತು. ಆ ಹೆಸರಿನ ಮೊದಲಕ್ಷರಗಳಿಂದಲೇ ಜೆಬ್ಕೋ ಆಯಿತು.

ಇಂಥ ಕೈಗಳಲ್ಲಿ ಪಳಗಿದ ಹಲ್ಲುಚಕ್ರಗಳು ಬಾಳಿಕೆ ಬರುತ್ತವೆ. 1950ರ ದಶಕದ ಅಬು ಅಂಬಾಸಡರ್ ರೀಲೊಂದನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟರೆ ಇವತ್ತೂ ಮೀನು ಹಿಡಿಯಬಹುದು. 1980ರ ದಶಕದ ಎಲೆಕ್ಟ್ರಾನಿಕ್ ರೀಲಿಗೆ ಆ ಭರವಸೆ ಇಲ್ಲ. ಅದರ ಚಿಪ್ ಕೆಟ್ಟರೆ ಅಂಥದ್ದು ಎಲ್ಲೂ ಸಿಗುವುದಿಲ್ಲ. ವಯಸ್ಸಿನಲ್ಲಿ ಚಿಕ್ಕದಾದ ರೀಲೇ ಮೊದಲು ಸಾಯಬಹುದು.

ಈಗ ಮೊದಲ ಕೆಲಸ, ಎಣಿಕೆ. ದೋಣಿಯಿಂದ ಗಾಳ ಇಳಿಬಿಡುವವರಿಗೆ ಆಳ ಗೊತ್ತಿರಬೇಕು. ಮೀನಿನ ಹಿಂಡು 60 ಮೀಟರಿನಲ್ಲಿದ್ದರೆ 90ಕ್ಕೆ ಇಳಿಸಿ ಪ್ರಯೋಜನವಿಲ್ಲ. ಸ್ಪೂಲಿನ ಅಂಚಿನಲ್ಲಿ ಪುಟ್ಟ ಅಯಸ್ಕಾಂತ ಕೂರಿಸುತ್ತಾರೆ. ಎದುರಿಗೆ ಅದನ್ನು ಗ್ರಹಿಸುವ ಸೆನ್ಸರ್ ಇರುತ್ತದೆ. ಅಯಸ್ಕಾಂತ ಒಮ್ಮೆ ಹಾದುಹೋದರೆ ಒಂದು ಸುತ್ತು. ದಾರ ಇಳಿಯುತ್ತಿದೆಯೋ ಏರುತ್ತಿದೆಯೋ ತಿಳಿಯುವುದು ಹೇಗೆ? ಎರಡು ಸೆನ್ಸರುಗಳನ್ನು ಒಂದಿಷ್ಟು ಅಂತರದಲ್ಲಿ ಇಡುತ್ತಾರೆ. ಯಾವುದು ಮೊದಲು ಮಿಡಿಯಿತು ಎಂಬುದರ ಮೇಲೆ ದಿಕ್ಕು ತಿಳಿಯುತ್ತದೆ.

ಬರೀ ಸುತ್ತು ಎಣಿಸಿದರೆ ಸಾಲದು, ತೊಡಕಿರುವುದು ಇಲ್ಲೇ. ಸ್ಪೂಲು ತುಂಬಿದಾಗ ಅದರ ಅಡ್ಡಳತೆ 8 ಸೆಂಟಿಮೀಟರ್ ಎನ್ನಿ. 100 ಸುತ್ತಿಗೆ ಸುಮಾರು 25 ಮೀಟರ್ ದಾರ ಹೋಗುತ್ತದೆ. ದಾರ ಖಾಲಿಯಾಗುತ್ತಾ 5 ಸೆಂಟಿಮೀಟರಿಗೆ ಇಳಿದಾಗ ಅದೇ 100 ಸುತ್ತಿಗೆ ಹೋಗುವುದು ಹತ್ತಿರಹತ್ತಿರ 16 ಮೀಟರ್ ಮಾತ್ರ. ಹಲ್ಲುಚಕ್ರದಿಂದಲೇ ನಡೆಯುವ ಕೌಂಟರ್ ಇದನ್ನು ಗಮನಿಸುವುದಿಲ್ಲ, ಸ್ಪೂಲು ತುಂಬಿದ್ದಾಗ ಮಾತ್ರ ಸರಿಯಾಗಿ ಹೇಳುತ್ತದೆ. ಚಿಪ್ ಇರುವ ರೀಲಿಗೆ ಮೊದಲೇ ಕಲಿಸಿಕೊಡಬಹುದು. ಅಳತೆ ಗೊತ್ತಿರುವ ದಾರವನ್ನು ಸುತ್ತುತ್ತಾ ಗುಂಡಿ ಒತ್ತಿದರೆ, ಯಾವ ಸುತ್ತಿಗೆ ಎಷ್ಟು ದಾರ ಎಂಬ ಲೆಕ್ಕವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಹಳೇ ರೀಲು ಕೊಂಡು ಬೇರೆ ದಪ್ಪದ ದಾರ ಹಾಕಿದರೆ ಈ ಪಾಠವನ್ನು ಮತ್ತೆ ಮಾಡಬೇಕು. ಮಾಡದೆ ಕೌಂಟರ್ ಸುಳ್ಳು ಹೇಳುತ್ತದೆ ಎಂದು ಬೈಯುವವರೇ ಜಾಸ್ತಿ.

ಎರಡನೆಯದು ಮೋಟಾರು. ಇದರ ತವರು ಜಪಾನ್ ಎಂದರೆ ತಪ್ಪಿಲ್ಲ. ಅಲ್ಲಿ ಕಿನ್‌ಮೆದೈ ಎಂಬ ಕೆಂಪು ಮೀನಿಗೆ ನೂರಾರು ಮೀಟರ್ ಆಳಕ್ಕೆ ಗಾಳ ಬಿಡುತ್ತಾರೆ. ಭಾರದ ಗುಂಡು ಕಟ್ಟಿದ ಅಷ್ಟು ದಾರವನ್ನು ದಿನವಿಡೀ ಕೈಯಲ್ಲಿ ಸುತ್ತಿದರೆ ರಟ್ಟೆ ಬಿದ್ದುಹೋಗುತ್ತದೆ. ಶಿಮಾನೋ, ದೈವಾ, ಮಿಯಾ ಎಪಾಕ್ ಕಂಪನಿಗಳು ಇದಕ್ಕೆಂದೇ ಎಲೆಕ್ಟ್ರಿಕ್ ರೀಲು ಮಾಡಿದವು. ಅಮೆರಿಕದಲ್ಲಿ ಇನ್ನೊಂದು ಉಪಾಯ ನಡೆಯಿತು. ಪೆನ್ ಕಂಪನಿಯ ಸೆನೆಟರ್ ಎಂಬ ಗಟ್ಟಿ ರೀಲಿನ ಪಕ್ಕಕ್ಕೆ ಎಲೆಕ್ಟ್ರಾಮೇಟ್ ಎಂಬ ಮೋಟಾರನ್ನು ಬೋಲ್ಟ್ ಹಾಕಿ ಕೂರಿಸಿದರು. ಅಂದವೇನೂ ಇಲ್ಲ, ನೋಡಿದರೆ ಗ್ಯಾರೇಜಿನಲ್ಲಿ ಜೋಡಿಸಿದಂತಿರುತ್ತದೆ. ಆದರೆ ರಿಪೇರಿಗೆ ಅದರಷ್ಟು ಸುಲಭದ್ದು ಬೇರೆ ಇಲ್ಲ. ನನ್ನ ಓಟು ಅದಕ್ಕೇ.

ಇವು ಸಾಮಾನ್ಯವಾಗಿ 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತವೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲವೇ? 12 ವೋಲ್ಟಿಗೆ ಆ ಭಯ ಬೇಡ. ಭಯವಿರುವುದು ರೀಲಿಗೆ. ಕೆಂಪು, ಕಪ್ಪು ಕ್ಲಿಪ್ಪುಗಳನ್ನು ಅದಲುಬದಲು ಹಾಕಿದರೆ ಒಳಗಿನ ಬೋರ್ಡ್ ಸುಟ್ಟುಹೋಗಬಹುದು. ಬ್ಯಾಟರಿ ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಸರಳ ಲೆಕ್ಕವಿದೆ. ಮೋಟಾರು 10 ಆಂಪಿಯರ್ ಎಳೆಯುತ್ತದೆ ಎನ್ನಿ. 20 ಆಂಪಿಯರ್-ಅವರ್ ಬ್ಯಾಟರಿ, ಕಾಗದದ ಲೆಕ್ಕದಲ್ಲಿ, ಬಿಡದೆ ಓಡಿಸಿದರೆ 2 ಗಂಟೆ ಬರುತ್ತದೆ. ಹಳೇ ಬ್ಯಾಟರಿಯಾದರೆ ಅಷ್ಟೂ ಬಾರದು. ಆದರೆ ಮೋಟಾರು ಓಡುವುದು ದಾರ ಎತ್ತುವಾಗ ಮಾತ್ರ. ಕೌಂಟರೂ ಮೋಟಾರೂ ಸೇರಿರುವ ರೀಲಿನಲ್ಲಿ ಇನ್ನೊಂದು ಅನುಕೂಲವಿದೆ: ಗಾಳ ದೋಣಿಯ ಅಂಚಿನ ಹತ್ತಿರ ಬಂದೊಡನೆ ಮೋಟಾರು ತಾನೇ ನಿಲ್ಲುತ್ತದೆ. ಇಲ್ಲದಿದ್ದರೆ ಗುಂಡು ಕೋಲಿನ ತುದಿಗೆ ಬಡಿದು ತುದಿಯೇ ಮುರಿದೀತು.

ಮೂರನೆಯದು ಬ್ರೇಕು. ಬೈಟ್‌ಕಾಸ್ಟಿಂಗ್ ಎಂಬ ಬಗೆಯ ರೀಲಿನಲ್ಲಿ ಗಾಳ ಬೀಸಿದಾಗ ಸ್ಪೂಲೇ ಗಿರ್ರನೆ ತಿರುಗುತ್ತದೆ. ಗಾಳಿಯ ತಡೆಗೆ ಗಾಳದ ವೇಗ ತಗ್ಗುತ್ತದೆ, ಸ್ಪೂಲಿನದು ತಗ್ಗುವುದಿಲ್ಲ. ಹೆಚ್ಚಾದ ದಾರ ಅಲ್ಲೇ ಉಬ್ಬಿ ಗೋಜಲಾಗುತ್ತದೆ. 1980ರ ದಶಕದ ಆರಂಭದಲ್ಲಿ ದೈವಾ ಕಂಪನಿ ಮ್ಯಾಗ್‌ಫೋರ್ಸ್ ಹೆಸರಿನಲ್ಲಿ ಅಯಸ್ಕಾಂತದ ಬ್ರೇಕ್ ತಂದಿತು. ಅಲ್ಯುಮಿನಿಯಂ ಸ್ಪೂಲಿನ ಪಕ್ಕದಲ್ಲಿ ಅಯಸ್ಕಾಂತಗಳಿರುತ್ತವೆ. ಅಲ್ಯುಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ ಎಂಬ ಅನುಮಾನ ಬಂದೀತು. ಅಂಟಬೇಕಾಗಿಲ್ಲ. ಲೋಹ ತಿರುಗಿದಾಗ ಅದರೊಳಗೆ ಸುಳಿಯಂತೆ ವಿದ್ಯುತ್ ಹುಟ್ಟಿ, ಆ ತಿರುಗುವಿಕೆಯನ್ನೇ ತಡೆಯುತ್ತದೆ. ವೇಗ ಹೆಚ್ಚಿದಷ್ಟೂ ತಡೆ ಹೆಚ್ಚು. ಬ್ಯಾಟರಿ ಇಲ್ಲ, ವೈರ್ ಇಲ್ಲ, ಕೆಡುವಂಥದ್ದೂ ಇಲ್ಲ. ಇದನ್ನು ಎಲೆಕ್ಟ್ರಾನಿಕ್ ಎಂದು ಮಾರುವವರಿದ್ದಾರೆ, ನಂಬಬೇಡಿ.

ನಿಜವಾಗಿ ಚಿಪ್ ಇರುವ ಬ್ರೇಕನ್ನು ಶಿಮಾನೋ 2000ರ ದಶಕದ ಆರಂಭದಲ್ಲಿ ತಂದಿತು. ಹೆಸರು ಡಿಸಿ, ಅಂದರೆ ಡಿಜಿಟಲ್ ಕಂಟ್ರೋಲ್. ಸ್ಪೂಲಿನ ಜೊತೆ ಅಯಸ್ಕಾಂತ ತಿರುಗುತ್ತದೆ, ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಸೈಕಲ್ ಡೈನಮೋ ನೆನಪಿಸಿಕೊಳ್ಳಿ, ತತ್ವ ಅದೇ. ಆ ವಿದ್ಯುತ್ತಿನಿಂದಲೇ ಚಿಪ್ ಎಚ್ಚರಗೊಂಡು, ಸೆಕೆಂಡಿಗೆ 1,000 ಬಾರಿ ಸ್ಪೂಲಿನ ವೇಗ ನೋಡಿ, ಎಷ್ಟು ಬ್ರೇಕ್ ಬೇಕೋ ಅಷ್ಟೇ ಹಾಕುತ್ತದೆ. ಬ್ಯಾಟರಿಯ ರಗಳೆಯೇ ಇಲ್ಲ. ಬೀಸಿದಾಗ ಕುಂಯ್ ಎಂಬ ಸದ್ದು ಬರುತ್ತದೆ. ಆ ಸದ್ದಿಗಾಗಿಯೇ ಕೊಳ್ಳುವವರೂ ಇದ್ದಾರೆ!

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಬರೀ ಕೌಂಟರ್ ಇರುವ ರೀಲಿನಲ್ಲಿ ಪರದೆ ಸತ್ತರೆ ನಷ್ಟ ಕಡಿಮೆ. 10 ಮೀಟರಿಗೊಮ್ಮೆ ಬಣ್ಣ ಬದಲಾಗುವ ಜಪಾನಿ ಹೆಣೆದ ದಾರ ಹಾಕಿ, ಬಣ್ಣ ಎಣಿಸಿದರಾಯಿತು. ಮೋಟಾರು ರೀಲುಗಳಲ್ಲಿ ಬಹುಪಾಲಿಗೆ ಕೈಹಿಡಿಯೂ ಇರುವುದರಿಂದ ಮೋಟಾರು ಸತ್ತರೂ ಸುತ್ತಬಹುದು, ಭಾರ ಮಾತ್ರ ಹೊರಬೇಕು. ಡಿಸಿ ರೀಲಿನ ಚಿಪ್ ಸತ್ತರೆ ಕಷ್ಟ. ಬ್ರೇಕೇ ಇಲ್ಲದ ಸ್ಪೂಲನ್ನು ಹೆಬ್ಬೆರಳಿನಲ್ಲೇ ಪಳಗಿಸಬೇಕಾಗುತ್ತದೆ. ಹಾಗಾಗಿ ಹಳೆಯದರಲ್ಲಿ ಮೊದಲ ಬಗೆಯದೇ ಹೊಸಬರಿಗೆ ವಾಸಿ. ಡಿಸಿ ಬೇಕೆಂದರೆ ಹೊಸದನ್ನೇ ಕೊಳ್ಳಿ.

ಕೈಗೆ ಬಂದ ಹಳೇ ರೀಲಿನಲ್ಲಿ ಕೌಂಟರಿನ ಸೆಲ್ ಕೂರುವ ಗೂಡಿದ್ದರೆ ಮೊದಲು ಅದನ್ನು ತೆರೆಯಿರಿ. ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ. ಹತ್ತಿಗೆ ಚೂರು ವಿನೆಗರ್ ಅದ್ದಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಶುಚಿ ಮಾಡಿ. ಅಂಕಿಗಳಲ್ಲಿ ಒಂದೆರಡು ಗೆರೆ ಮಾತ್ರ ಮೂಡದಿದ್ದರೆ ಪರದೆ ಕೆಟ್ಟಿರಲೇಬೇಕೆಂದಿಲ್ಲ. ಪರದೆಗೂ ಬೋರ್ಡಿಗೂ ನಡುವೆ ವಿದ್ಯುತ್ ಹರಿಸುವ ರಬ್ಬರ್ ಪಟ್ಟಿಯಿರುತ್ತದೆ, ಅದನ್ನು ಒರೆಸಿದರೆ ಸರಿಹೋಗುವುದುಂಟು. ಪರದೆ ಪೂರ್ತಿ ಕಪ್ಪಾಗಿದ್ದರೆ ಆಸೆ ಬಿಡಿ. ವೈರು ರೀಲಿಗೆ ಸೇರುವ ಜಾಗದಲ್ಲಿ ಹಸಿರು ಕಿಲುಬು ಇದ್ದರೆ ಉಪ್ಪುನೀರು ಒಳಹೊಕ್ಕಿದೆ ಎಂದೇ ಅರ್ಥ.

ಬೆಲೆಯ ಅಂದಾಜಿಗೆ ಒಂದು ಹೊಸದನ್ನು ನೋಡಿ. ಶಿಮಾನೋದ ಅಗ್ಗದ ಡಿಸಿ ರೀಲು ಎಸ್‌ಎಲ್‌ಎಕ್ಸ್ ಡಿಸಿ 2019ರಲ್ಲಿ ಅಮೆರಿಕದಲ್ಲಿ ಸುಮಾರು 190 ಡಾಲರಿಗೆ ಬಂತು. ಹಳೆಯದಕ್ಕೆ ನಿಗದಿ ಬೆಲೆಯಿಲ್ಲ. ಮೂಲ ಡಬ್ಬಿ, ಕೈಪಿಡಿ, ವೈರು ಇದ್ದರೆ ದರ ಏರುತ್ತದೆ. ವೈರು ಇಲ್ಲದ ಎಲೆಕ್ಟ್ರಿಕ್ ರೀಲು ಅಗ್ಗವಾಗಿ ಸಿಕ್ಕರೆ ಹಿಗ್ಗಬೇಡಿ, ಆ ಮಾಡೆಲಿನ ಪ್ಲಗ್ ಹುಡುಕುವುದೇ ದೊಡ್ಡ ಕೆಲಸ. ಜಪಾನಿನಲ್ಲಿ ಟ್ಯಾಕಲ್ ಬೆರಿ ಎಂಬ ಹಳೇ ಸಾಮಾನಿನ ಅಂಗಡಿ ಸರಣಿಯಿದೆ. ಯಾಹೂ ಹರಾಜು, ಇಬೇಗಳಲ್ಲೂ ಸಿಗುತ್ತದೆ. ಜಪಾನಿ ಮಾರಾಟಗಾರರು ‘ಜಂಕ್’ ಎಂದು ಬರೆದಿದ್ದರೆ ಪರೀಕ್ಷಿಸಿಲ್ಲ, ವಾಪಸು ಪಡೆಯುವುದಿಲ್ಲ ಎಂದರ್ಥ. ಸಾಗಣೆ ವೆಚ್ಚವನ್ನೂ ಕಸ್ಟಮ್ಸ್ ಸುಂಕವನ್ನೂ ಸೇರಿಸಿಯೇ ಲೆಕ್ಕ ಹಾಕಿ. 12 ವೋಲ್ಟ್ ಬ್ಯಾಟರಿಯನ್ನು ಮಾತ್ರ ಇಲ್ಲೇ ಕೊಳ್ಳಿ.

ದಾಖಲೆಯ ಆಸೆಯಿದ್ದರೆ ಇನ್ನೊಂದು ಮಾತು. ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಸ್ಥೆಯ ನಿಯಮದಂತೆ ಮೋಟಾರಿನಿಂದ ಸುತ್ತುವ ರೀಲಿನಲ್ಲಿ ಹಿಡಿದ ಮೀನು ದಾಖಲೆಗೆ ಸಲ್ಲುವುದಿಲ್ಲ. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೋ ತೂಗುವ ಮಹಸೀರ್ ಹಿಡಿದಾಗ ಈ ಯಾವ ಚಿಪ್ಪೂ ಹುಟ್ಟಿರಲಿಲ್ಲ. ಅದನ್ನು ನೆನೆದು ಎಲೆಕ್ಟ್ರಿಕ್ ರೀಲು ಹಿಡಿದು ಹೊಳೆಗೆ ಹೊರಡಬೇಡಿ. ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವಂತಿಲ್ಲ. ಈ ರೀಲುಗಳು ಹುಟ್ಟಿದ್ದೇ ದೋಣಿಗೆ, ಆಳದ ಕಡಲಿಗೆ.