ಹಳೇ ಕಾರಿನ ಹೀಟರ್ ಕೆಟ್ಟಿದ್ಯಾ? ಡ್ಯಾಶ್‌ಬೋರ್ಡ್ ಬಿಚ್ಚಿಸೋ ಮುಂಚೆ ಇದನ್ನ ಕೇಳಿ

ಇವತ್ತಿನ ಸಂಚಿಕೆ ಹನ್ನೆರಡು, ಹದಿನೈದು ವರ್ಷದ ಕಾರು ಇಟ್ಕೊಂಡಿರೋರಿಗೆ. ಅಪ್ಪನ ಹಳೇ ಕಾರು ಕೈಗೆ ಬಂದಿರೋರಿಗೂ ಹೌದು.

ಹಾವೇರಿ ಜಿಲ್ಲೆಯಲ್ಲಿ ಕಾರಿಗೆ ಹೀಟರ್ ಯಾಕೆ ಬೇಕು? ಏಪ್ರಿಲ್ ಬಿಸಿಲಲ್ಲಿ ಸವಣೂರಿನಲ್ಲಿ ನಿಂತು ಕೇಳಿದ್ರೆ ನಗ್ತಾರೆ. ಆದರೆ ಜುಲೈ ಮಳೆಯಲ್ಲಿ ಹಾನಗಲ್‌ನಿಂದ ಶಿರಸಿ ಕಡೆ ನಾಲ್ಕು ಜನ ಕಿಟಕಿ ಮುಚ್ಚಿಕೊಂಡು ಹೊರಟಾಗ, ನಿಮ್ಮ ಉಸಿರಿನ ತೇವಾನೇ ಗಾಜಿನ ಒಳಗಡೆ ಮಂಜಾಗಿ ಕೂರುತ್ತೆ. ಶಿಗ್ಗಾಂವಿ ಹತ್ತಿರ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ಮಧ್ಯೆ ಎರಡು ಸೆಕೆಂಡ್ ರಸ್ತೆ ಕಾಣದಿದ್ರೂ ಅಪಾಯ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ: ಹೀಟರ್ ಕೆಡೋದು ಕೆಲವೊಮ್ಮೆ ಇಂಜಿನ್ ಕೊಡ್ತಿರೋ ಮುನ್ಸೂಚನೆ.

ಹೀಟರ್ ಕೆಲಸ ಮಾಡೋದು ಹೇಗೆ?

ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಹೀಟರ್‌ಗೆ ಅಂತ ಬೇರೆ ಒಲೆ ಇಲ್ಲ. ಇಂಜಿನ್ ಬಿಸಿಯನ್ನ ಹೊತ್ತು ತರೋ ಕೂಲಂಟ್ ಎರಡು ಹೋಸ್ ಪೈಪ್ ಮೂಲಕ ಡ್ಯಾಶ್‌ಬೋರ್ಡ್ ಹಿಂದೆ ಇರೋ ಪುಟ್ಟ ರೇಡಿಯೇಟರ್‌ಗೆ ಬರುತ್ತೆ. ಅದರ ಹೆಸರು ಹೀಟರ್ ಕೋರ್. ಬ್ಲೋವರ್ ಗಾಳಿ ಅದರ ಮೂಲಕ ಹಾದು ಬಿಸಿಯಾಗಿ ಹೊರಗೆ ಬರುತ್ತೆ, ಅಷ್ಟೇ.

ಹಾಗಾದ್ರೆ ಬಿಲ್ ಯಾಕೆ ದೊಡ್ಡದು? ಬಹಳಷ್ಟು ಕಾರುಗಳಲ್ಲಿ ಆ ಕೋರ್ ತೆಗೀಬೇಕಂದ್ರೆ ಸ್ಟೀರಿಂಗ್, ವೈರಿಂಗ್, ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಕೆಲವು ಕಾರುಗಳಲ್ಲಿ ಎಸಿ ಗ್ಯಾಸ್ ಕೂಡ ಖಾಲಿ ಮಾಡಿ ಮತ್ತೆ ತುಂಬಬೇಕು. ಪಾರ್ಟ್ ಚಿಕ್ಕದು, ಕೂಲಿ ದೊಡ್ಡದು. ಅದಕ್ಕೇ ಮೆಕ್ಯಾನಿಕ್ 'ಪೂರಾ ಬಿಚ್ಚಬೇಕ್ರಿ ಅಣ್ಣಾ' ಅಂದಾಗ ನಮ್ಮ ಎದೆ ಧಸಕ್ ಅನ್ನೋದು.

ಮೊದಲು ಅಗ್ಗದ ಕಾರಣ ಹುಡುಕಿ

ಇಂಜಿನ್ ತಣ್ಣಗಿರುವಾಗ ಕೂಲಂಟ್ ಬಾಟಲಿ ನೋಡಿ. ಮಟ್ಟ ಕಮ್ಮಿ ಇದ್ರೆ ಹೀಟರ್‌ಗೆ ಬಿಸಿ ಬರಲ್ಲ. ಇಂಜಿನ್ ಬಿಸಿ ಇರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ಯಾವತ್ತೂ ತೆಗೀಬೇಡಿ, ಕುದಿಯೋ ನೀರು ಮುಖಕ್ಕೆ ಚಿಮ್ಮುತ್ತೆ.

ಆಮೇಲೆ ಇಂಜಿನ್ ಬಿಸಿ ಮಾಡಿ, ಹೀಟರ್ ಪೂರ್ತಿ ಇಟ್ಟು, ಕೋರ್‌ಗೆ ಹೋಗೋ ಎರಡೂ ಹೋಸ್ ಮುಟ್ಟಿ ನೋಡೋಕೆ ಮೆಕ್ಯಾನಿಕ್‌ಗೆ ಹೇಳಿ. ಎರಡೂ ಬಿಸಿ ಇದ್ರೆ ಕೋರ್‌ನಲ್ಲಿ ಬಹುಶಃ ತೊಂದರೆ ಇಲ್ಲ. ಬಿಸಿ-ತಂಪು ಬದಲಿಸೋ ಕೇಬಲ್ಲೋ ಒಳಗಿನ ಫ್ಲಾಪ್ಪೋ ಸಿಕ್ಕಿಕೊಂಡಿರಬೇಕು. ಒಂದು ಬಿಸಿ, ಇನ್ನೊಂದು ತಣ್ಣಗಿದ್ರೆ ಕೋರ್ ಕಟ್ಟಿರಬಹುದು, ಇಲ್ಲಾ ಹೀಟರ್ ವಾಲ್ವ್ ಮುಚ್ಚಿರಬಹುದು. ಎರಡೂ ತಣ್ಣಗಿದ್ರೆ ಕೂಲಂಟ್ ಕಮ್ಮಿ ಆಗಿರಬಹುದು, ವಾಲ್ವ್ ಅಥವಾ ಥರ್ಮೋಸ್ಟ್ಯಾಟ್ ಸಮಸ್ಯೆಯೂ ಇರಬಹುದು.

ಥರ್ಮೋಸ್ಟ್ಯಾಟ್ ಬಗ್ಗೆ ಒಂದು ಮಾತು. 'ನಮ್ಮ ಬಿಸಿಲಿಗೆ ಇದು ಬೇಡ' ಅಂತ ಕೆಲವು ಗ್ಯಾರೇಜ್‌ಗಳಲ್ಲಿ ಅದನ್ನ ಕಿತ್ತೇ ಬಿಡ್ತಾರೆ. ಆಗ ಇಂಜಿನ್ ಸರಿಯಾದ ಬಿಸಿಗೆ ಬರೋದು ತಡ ಆಗುತ್ತೆ, ಹೀಟರ್ ಮಂಕಾಗುತ್ತೆ, ಮೈಲೇಜೂ ಕಮ್ಮಿ ಆಗುತ್ತೆ. ಹೊಸದು ಹಾಕ್ಸೋ ಖರ್ಚು ಡ್ಯಾಶ್‌ಬೋರ್ಡ್ ಬಿಚ್ಚೋ ಖರ್ಚಿನ ಮುಂದೆ ಏನೂ ಅಲ್ಲ.

ಕೋರ್ ಕಟ್ಟೋಕೆ ಕಾರಣ ಹೆಚ್ಚಾಗಿ ನಾವೇ ಹಾಕೋ ನೀರು. ಗಡಸು ಬೋರ್‌ವೆಲ್ ನೀರಿನ ಲವಣ ಒಳಗೆ ಪದರ ಕಟ್ಟುತ್ತೆ, ಲೋಹ ತುಕ್ಕು ಹಿಡಿಯುತ್ತೆ. ಬರೀ ಕಟ್ಟಿದ್ರೆ, ಹೋಸ್ ಬಿಚ್ಚಿ ಫ್ಲಶ್ ಮಾಡಿ ನೋಡಬಹುದು. ಆಮೇಲೆ ರೆಡಿ ಮಿಕ್ಸ್ ಕೂಲಂಟ್ ಹಾಕಿ, ಇಲ್ಲಾ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ಹಾಕಿ.

ಕಾಲ ಹತ್ತಿರ ಒದ್ದೆ ಇದ್ರೆ?

ಕೋರ್ ಸೋರ್ತಿದ್ರೆ ಮುಂದಿನ ಸೀಟಿನ ಮ್ಯಾಟ್ ಒದ್ದೆ ಆಗುತ್ತೆ. ಗಾಬರಿ ಬೇಡ, ಎಸಿ ನೀರಿನ ಪೈಪ್ ಕಟ್ಟಿದ್ರೂ ಹಾಗೇ ಆಗುತ್ತೆ. ಎಸಿ ನೀರು ಬಣ್ಣ ಇಲ್ಲದ್ದು, ಮಾಮೂಲಿ ನೀರು. ಕೂಲಂಟ್ ಬಣ್ಣದ್ದು, ಜಿಡ್ಡು ಜಿಡ್ಡು, ಸಿಹಿ ವಾಸನೆ. ಗಾಜಿನ ಮೇಲೂ ಜಿಡ್ಡಿನ ಮಂಜು ಕೂರುತ್ತೆ. ರುಚಿ ನೋಡೋಕೆ ಹೋಗ್ಬೇಡಿ, ಅದು ವಿಷ. ಮಕ್ಕಳನ್ನೂ ನಾಯಿಗಳನ್ನೂ ದೂರ ಇಡಿ.

ಈ ಸೋರಿಕೆಯನ್ನ ಮಾತ್ರ 'ಆಮೇಲೆ ನೋಡೋಣ' ಅಂತ ಬಿಡಂಗಿಲ್ಲ. ಕೂಲಂಟ್ ಖಾಲಿ ಆದ್ರೆ ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಆಗ ಬರೋ ಬಿಲ್ ಮುಂದೆ ಹೀಟರ್ ಬಿಲ್ಲೇ ವಾಸಿ ಅನ್ಸುತ್ತೆ.

ಬೈಪಾಸ್ ಅನ್ನೋ ಮಧ್ಯದ ದಾರಿ

ಕೋರ್‌ಗೆ ಹೋಗೋ ಎರಡು ಹೋಸ್‌ಗಳನ್ನ ಇಂಜಿನ್ ಕಡೆಯೇ ಒಂದಕ್ಕೊಂದು ಸೇರಿಸಿಬಿಟ್ರೆ ಸೋರಿಕೆ ನಿಲ್ಲುತ್ತೆ, ಡ್ಯಾಶ್‌ಬೋರ್ಡ್ ಮುಟ್ಟೋದೇ ಬೇಡ. ಖರ್ಚು ಒಂದು ತುಂಡು ಹೋಸ್, ಎರಡು ಕ್ಲಿಪ್, ಸ್ವಲ್ಪ ಕೂಲಿ. ಆದರೆ ಹೋಸ್‌ಗಳ ಬಾಯಿಗೆ ಬಿರಡೆ ಹಾಕಿ ಮುಚ್ಚೋದು ಬೇಡ. ಕೆಲವು ಇಂಜಿನ್‌ಗಳಲ್ಲಿ ಆ ದಾರಿಯಲ್ಲಿ ಕೂಲಂಟ್ ಹರೀತಾನೇ ಇರಬೇಕು.

ಶಿಮ್ಲಾದಲ್ಲಿ ಈ ಸಲಹೆ ಕೊಡೋಕೆ ಆಗಲ್ಲ. ನಮ್ಮ ಕಡೆ ಕೊಡಬಹುದು, ಯಾಕಂದ್ರೆ ಗಾಜಿನ ಒಳಗಿನ ಮಂಜನ್ನ ಎಸಿ ಕೂಡ ತೆಗೆಯುತ್ತೆ. ಎಸಿ ಗಾಳಿಯ ತೇವ ಹೀರುತ್ತೆ. ಗಾಳಿಯನ್ನ ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಬರೋ ಹಾಗೆ ಇಡಿ. ಒಂದೇ ಷರತ್ತು: ಎಸಿ ಚೆನ್ನಾಗಿರಬೇಕು. ಎಸಿಯೂ ಸತ್ತಿದೆ, ಮಳೆಗಾಲದಲ್ಲಿ ಹಾನಗಲ್ ಕಡೆ ದಿನಾ ಓಡಾಟ ಇದೆ ಅಂದ್ರೆ ಎರಡರಲ್ಲಿ ಒಂದನ್ನ ರಿಪೇರಿ ಮಾಡಿಸ್ಲೇಬೇಕು.

ಹಾಗಾದ್ರೆ ದೊಡ್ಡ ಬಿಲ್ ಕಟ್ಟಬೇಕಾ?

ಬಿಲ್ಲನ್ನ ಕಾರಿನ ಬೆಲೆ ಜೊತೆ ಅಷ್ಟೇ ಹೋಲಿಸಬೇಡಿ, ಇನ್ನೆಷ್ಟು ತಿಂಗಳು ಓಡಿಸ್ತೀರಿ ಅಂತ ನೋಡಿ. ಉದಾಹರಣೆಗೆ 18,000 ರೂಪಾಯಿ ಅಂದ್ಕೊಳ್ಳಿ. ಮೂರು ವರ್ಷ ಇಟ್ಕೊಂಡ್ರೆ ತಿಂಗಳಿಗೆ 500. ಆರು ತಿಂಗಳಲ್ಲಿ ಮಾರೋದಾದ್ರೆ ತಿಂಗಳಿಗೆ 3,000.

ಆರ್‌ಸಿ ಕಾರ್ಡೂ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಫಿಟ್ನೆಸ್ ಪಾಸಾದ್ರೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಇದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದ್ದಾರೆ. ನವೀಕರಣ ಹತ್ತಿರ ಇದ್ರೆ ಆ ಖರ್ಚನ್ನೂ ಕೂಡಿಸಿ ಲೆಕ್ಕ ಹಾಕಿ.

ಬದಲಿಸೋದೇ ಅಂತ ತೀರ್ಮಾನ ಆದ್ರೆ ಗುಜರಿ ಕೋರ್ ಹಾಕ್ಸಬೇಡಿ. ಅದು ಮತ್ತೆ ಸೋರಿದ್ರೆ ಅದೇ ಕೂಲಿ ಎರಡನೇ ಸಲ ಕಟ್ಟಬೇಕು. ಹಿರೇಕೆರೂರಿನಂಥ ಊರಲ್ಲಿ ಸ್ಪೇರ್ ಸಿಗದಿದ್ರೆ ರಾಣೆಬೆನ್ನೂರು, ದಾವಣಗೆರೆ, ಹುಬ್ಬಳ್ಳಿಯಲ್ಲಿ ಫೋನ್ ಮಾಡಿ ವಿಚಾರಿಸಿ. ಪಾರ್ಟ್ ಕೈಗೆ ಬಂದ ಮೇಲೇ ಡ್ಯಾಶ್‌ಬೋರ್ಡ್ ಬಿಚ್ಚಿಸಿ. ಪಾರ್ಟ್ ಎಷ್ಟು, ಕೂಲಿ ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ, ಹಳೇ ಕೋರ್ ವಾಪಸ್ ಕೇಳಿ.

ಹಳೇ ಕಾರು ಇರೋ ಗೆಳೆಯರಿಗೆ ಮಳೆಗಾಲಕ್ಕೆ ಮೊದಲೇ ಈ ಸಂಚಿಕೆ ಕಳಿಸಿ.